ಕೇಣಿ ದಂಡೆಯಲ್ಲಿ ಸುಗಂಧರಾಜ

ಸತ್ತವನ ಮೈಯಿಂದ ಹೂವಿನ ಪರಿಮಳ ಬರುತ್ತಿತ್ತು.

ಅದನ್ನು ಮೊದಲು ಗಮನಿಸಿದವಳು ಸುಬ್ಬಿ. ಆ ಭಾನುವಾರ ಸಂಜೆ ಇಳಿತದ ಹೊತ್ತಿಗೆ, ಬಂಡೆಗೆ ಅಂಟಿದ ಕಲಗದ ಚಿಪ್ಪು ಒಡೆದು ತರಲು ಅವಳು ಕೇಣಿ ದಂಡೆಯ ತುದಿಗೆ ಹೋಗಿದ್ದಳು. ಗುಡ್ಡ ಸಮುದ್ರಕ್ಕೆ ಇಳಿಯುವ ಆ ಮೂಲೆಗೆ ಬಲೆಯವರೂ ಹೋಗುವುದು ಅಪರೂಪ. ಎರಡು ಬಂಡೆಗಳ ನಡುವೆ, ನೀರು ತಾಗದ ಒಣ ಮರಳಿನ ಮೇಲೆ, ಒಬ್ಬ ಗಂಡಸು ಅಂಗಾತ ಬಿದ್ದಿದ್ದ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಪಾಲಿಶ್ ಹಾಕಿದ ಬೂಟು. ಕುಡಿದು ಮಲಗಿದ್ದಾನೆಂದು ಎಬ್ಬಿಸಲು ಬಗ್ಗಿದಳು. ತಲೆಯ ಕೆಳಗಿನ ಮರಳು ಕಪ್ಪಾಗಿತ್ತು.

“ನಾ ಹೆದ್ರಿದ್ದು ರಕ್ತಕ್ಕಲ್ಲ, ಸಾಯ್ಬ್ರೆ,” ಎಂದಳು ಸಬ್ ಇನ್‌ಸ್ಪೆಕ್ಟರ್ ಶಾಂತಾರಾಮನ ಮುಂದೆ. “ಆ ವಾಸ್ನೆಗೆ. ಹೆಣದ ಹತ್ರ ಹೋದ್ರೆ ಮದ್ವೆಮನೆಗೆ ಹೋದಂಗೆ ಆತು.”

ಶಾಂತಾರಾಮ ಮೊಣಕಾಲೂರಿ ಬಗ್ಗಿದ. ನಿಜ. ಅಂಗಿಯ ಕೊರಳಪಟ್ಟಿಯಿಂದ ಸುಗಂಧರಾಜ ಗಮ್ಮೆನ್ನುತ್ತಿತ್ತು. ಮೇಲಿನ ಗುಂಡಿಗಳು ಕಿತ್ತು ಹೋಗಿದ್ದವು. ದಾರ ಮಾತ್ರ ನೇತಾಡುತ್ತಿತ್ತು. ಜೇಬಿನಲ್ಲಿ ಪಾಕೀಟು ಇತ್ತು, ಫೋನೂ ಇತ್ತು. ಬೈಕು ದೂರದ ಗಾಳಿಮರದ ಕೆಳಗೆ ನಿಂತಿತ್ತು.

“ಜಾರಿ ಬಿದ್ದದ್ದಲ್ಲ, ಮಾಸ್ತಿ. ಎದುರಿಗೆ ನಿಂತು ಯಾರೋ ಕೊರಳಪಟ್ಟಿ ಹಿಡಿದಿದ್ದಾರೆ. ಆಮೇಲೆ ನೂಕಿದ್ದಾರೆ.”

ಹೆಡ್ ಕಾನ್‌ಸ್ಟೇಬಲ್ ಮಾಸ್ತಿ ಮೂಗು ಅರಳಿಸಿದ. “ಹೂವಿನ ವಾಸ್ನೆ ಅಂದ್ರೆ ಹೆಣ್ಣು ಇದ್ದೇ ಇದೆ, ಸಾಯ್ಬ್ರೆ.”

ಮರುದಿನ ಬೆಳಗಾಗುವಷ್ಟರಲ್ಲಿ ಅಂಕೋಲೆಯ ಪೇಟೆಯೆಲ್ಲ ಆ ಹೆಣ್ಣನ್ನು ಹುಡುಕುತ್ತಿತ್ತು.

ಸತ್ತವನ ಹೆಸರು ಭರತ ನಾಯ್ಕ. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ವಯಸ್ಸು ನಲವತ್ತು, ಮದುವೆಯಾಗಿರಲಿಲ್ಲ. ಚೆಂಡಿಯಾದ ಕಡೆಯವನು, ಮನೆಯಿದ್ದ ಜಾಗ ನೌಕಾನೆಲೆಗೆ ಹೋದ ಮೇಲೆ ಕುಟುಂಬ ಚೆದುರಿತ್ತು. ತಂದೆತಾಯಿ ಇರಲಿಲ್ಲ. ಅಣ್ಣ ಗೋವೆಯಿಂದ ಬಂದ, ಕೊಳ್ಳಿಯಿಟ್ಟ, ಸಂಜೆಯ ಬಸ್ಸಿಗೇ ಹೊರಟು ನಿಂತ.

“ನಿಮ್ಮ ತಮ್ಮನಿಗೆ ಹತ್ತಿರದವರು ಯಾರಾದರೂ ಇದ್ದರಾ?” ಶಾಂತಾರಾಮ ಕೇಳಿದ.

“ಗೊತ್ತಿಲ್ಲ ಸರ್. ಚೌತಿಗೆ ಒಂದ್ಸಲ ಫೋನ್ ಮಾಡ್ತಿದ್ವಿ.”

“ಈ ಚೌತಿಗೆ ಏನು ಹೇಳಿದ?”

ಅಣ್ಣ ಬಹಳ ಹೊತ್ತು ಯೋಚಿಸಿದ. “ಮಳೆ ಹೇಗೆ ಅಂತ ಕೇಳ್ದ.”

ಹತ್ತಿರದವನೆಂದು ಹೇಳಿಕೊಂಡು ಬಂದವನು ಒಬ್ಬನೇ— ಯೋಗೇಶ ಗಾಂವಕರ. ಅಗಸೂರಿನವನು, ಭರತನ ಜೊತೆ ಕೆಲಸ ಮಾಡುವವನು. ಒಂದೇ ಕ್ವಾಟ್ರಸ್ಸಿನಲ್ಲಿ ಇಬ್ಬರೂ ವರ್ಷಗಟ್ಟಲೆ ಒಟ್ಟಿಗಿದ್ದವರು. ಕರೆ ಕಳಿಸುವ ಮೊದಲೇ ಸೋಮವಾರ ಠಾಣೆಗೆ ಬಂದ. ಕಣ್ಣು ಕೆಂಪಾಗಿತ್ತು, ಗಡ್ಡ ಬೋಳಿಸಿರಲಿಲ್ಲ.

“ಕಡೆಯ ಸಲ ಅವನನ್ನು ಯಾವಾಗ ನೋಡಿದ್ರಿ?”

“ಭಾನುವಾರ ಬೆಳಿಗ್ಗೆ. ನಂದು ರಾತ್ರಿ ಪಾಳಿ ಮುಗ್ದಿತ್ತು. ನಾ ಒಳಗೆ ಬಂದೆ, ಅಂವ ಹೊರಗೆ ಹೊರಟ. ಬಾಗ್ಲಲ್ಲೇ ಸಿಕ್ದ.”

“ಎಲ್ಲಿಗೆ ಅಂದನಾ?”

“ಹೇಳ್ಲಿಲ್ಲ.” ಯೋಗೇಶ ತನ್ನ ಅಂಗೈ ನೋಡಿಕೊಂಡ. “ಮೊದ್ಲೆಲ್ಲ ಹೇಳ್ತಿದ್ದ.”

“ವಿಶೇಷ ಏನಾದರೂ ಕಂಡಿತಾ?”

“ವಾಸ್ನೆ ಬಂತು, ಸರ್. ಸುಗಂಧರಾಜದ್ದು. ಆಗಷ್ಟೇ ಮಿಂದು ಅಂಗಿ ಹಾಕಂಡಿದ್ದ, ತಲೆನೂ ಆರಿರ್ಲಿಲ್ಲ. ಬೈಕ್ ಹತ್ತೂವಾಗ ನಂಗೆ ಗಮ್ ಅಂತ ಬಡೀತು. ಗಂಡಸ್ರು ಯಾರು ಹೂವಿನ ವಾಸ್ನೆ ಹಚ್ಕಂತಾರೆ? ಹೆಣ್ಣಿನ ಸೆಂಟು ಅದು. ಅವಳೇ ಕೊಟ್ಟಿರ್ಬೇಕು.”

“ಯಾರು ಅವಳು?”

“ನಾ ಹೇಳ್ದೆ ಅಂತ ಬರ್ಕಳ್ಬೇಡಿ. ಅಂಕೋಲೆಯಲ್ಲಿ ಮೀನೂಟದ ಖಾನಾವಳಿ ಇಟ್ಟವಳು ಒಬ್ಳಿದ್ದಾಳೆ— ವೈಜಯಂತಿ. ರಜಾ ಇದ್ದ ಭಾನುವಾರ ಅಂವ ಅಲ್ಲಿಗೇ ಹೋಗೂದು. ಕದ್ರಾದಿಂದ ಅಂಕೋಲೆಗೆ ಬರೇ ಊಟಕ್ಕೆ ಯಾರಾದ್ರೂ ಹೋಗ್ತಾರಾ?”

“ಭಾನುವಾರ ನೀವು?”

“ನಿದ್ದೆ. ಸಂಜೆವರೆಗೂ ನಿದ್ದೆ. ಬೇಕಾದ್ರೆ ನನ್ನ ಫೋನ್ ತೆಗ್ದು ನೋಡಿ, ಕದ್ರಾ ಬಿಟ್ಟು ಹೋಗಿಲ್ಲ.”

ಅದೂ ನಿಜವೇ. ವಿಚಾರಿಸಿದಾಗ ಫೋನು ಇಡೀ ದಿನ ಕದ್ರಾದಲ್ಲೇ ಇತ್ತು ಎಂದು ಗೊತ್ತಾಯಿತು.

ಶಾಂತಾರಾಮ ವೈಜಯಂತಿಯ ಖಾನಾವಳಿಗೆ ಹೋದದ್ದು ಊಟದ ಹೊತ್ತಿಗೆ. ಮೇಜುಗಳೆಲ್ಲ ಖಾಲಿ. ಹೊರಗಿನ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಹೊಲಸು ಮಾತು ಬರೆದಿದ್ದರು. ಅದನ್ನು ತೊಳೆದ ನೀರು ಇನ್ನೂ ಕರ್ರಗೆ ಇಳಿಯುತ್ತಿತ್ತು. ಬಾಗಿಲಲ್ಲಿ ಅವಳ ಅಣ್ಣ ತುಳಸಿದಾಸ ನಿಂತಿದ್ದ— ದೋಣಿಯಲ್ಲಿ ಹೋಗುವವನು, ಎತ್ತರದ ಆಳು.

“ಅಂಗ್ಡಿ ಮುಚ್ಚು ಅಂತ ಹೇಳೇನೆ ಸಾಯ್ಬ್ರೆ. ಕೇಳೂದಿಲ್ಲ. ನಮ್ಮ ಮನೆ ಮರ್ಯಾದಿ ಹೋತು.”

“ಭಾನುವಾರ ಮಧ್ಯಾಹ್ನ ನೀನು ಎಲ್ಲಿದ್ದೆ?”

ತುಳಸಿದಾಸನ ಮುಖ ಬಿಗಿಯಿತು. “ದಂಡೆ ಮೇಲೆ. ಬಲೆ ಸರಿ ಮಾಡ್ತಿದ್ದೆ.”

“ನೋಡಿದವರು?”

“ಒಬ್ನೇ ಇದ್ದೆ.”

“ಆ ಬಂಡೆಗಳು ಅಲ್ಲಿಂದ ದೂರವಾ?”

“ಇಲ್ಲ,” ಎಂದ.

ವೈಜಯಂತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡ ತೀರಿಕೊಂಡ ಮೇಲೆ ಈ ಒಲೆಯಿಂದಲೇ ಬದುಕು ಕಟ್ಟಿದವಳು. ಅತ್ತಿರಲಿಲ್ಲ. ಅಳುವುದಕ್ಕೂ ಪುರಸೊತ್ತಿಲ್ಲದವಳ ಹಾಗೆ ಕಂಡಳು.

“ಭರತ ನಿಮಗೆ ಎಷ್ಟು ಪರಿಚಯ?”

“ಅವ್ರ ಹೆಸ್ರು ಭರತ ಅಂತ ನಂಗೆ ಪೇಪರ್ ನೋಡಿ ಗೊತ್ತಾದ್ದು. ನಾ ‘ಕದ್ರಾ ಸಾಯ್ಬ್ರು’ ಅಂತಿದ್ದೆ.”

“ಏನು ಮಾತಾಡ್ತಿದ್ರಿ?”

“‘ಅನ್ನಕ್ಕೆ ಇನ್ನೊಂಚೂರು ಹುಮಣ ಹಾಕಿ’ ಅಂತಿದ್ರು, ನಾ ಹಾಕ್ತಿದ್ದೆ. ಅದೇ ಮಾತು.”

“ಅಷ್ಟೇನಾ? ನೆನಪು ಮಾಡಿಕೊಳ್ಳಿ.”

ಅವಳು ಮೂಲೆಯ ಮೇಜಿನ ಕಡೆ ನೋಡಿದಳು. “ಒಂದ್ಸಲ ಕೇಳಿದ್ರು. ‘ಊಟ ಆದ್ಮೇಲೂ ಇಲ್ಲೇ ಸ್ವಲ್ಪ ಹೊತ್ತು ಕೂತ್ರೆ ನಿಮ್ಗೆ ಅಡ್ಡಿ ಇಲ್ವಾ?’ ಅಂತ. ಕೂಡ್ರಿ ಅಂದೆ. ಜನ ಬರೂದು ಹೋಗೂದು ನೋಡ್ತಾ ಕೂಡ್ತಿದ್ರು.”

“ನೀವು ಸೆಂಟು ಹಚ್ಚುತ್ತೀರಾ?”

ಅವಳು ಕೈ ಮುಂದೆ ಚಾಚಿದಳು. “ಮೂಸಿ ನೋಡಿ, ಸಾಯ್ಬ್ರೆ. ದಿನಾ ಬೆಳಗಾದ್ರೆ ಇದೇ ಬಂಗಡೆ, ಇದೇ ಮಸಾಲೆ. ಎಂತ ಸೆಂಟು ಇದನ್ನ ಮುಚ್ತದೆ?”

“ಆ ಭಾನುವಾರ ಬಂದಿದ್ದರಾ?”

“ಬರ್ಲಿಲ್ಲ. ಮೀನು ತೆಗ್ದಿಟ್ಟಿದ್ದೆ. ಕಡೀಗೆ ಬೆಕ್ಕಿಗೆ ಹಾಕ್ದೆ.”

ಹೊರಗೆ ಜೀಪು ಹತ್ತುವಾಗ ಮಾಸ್ತಿ ಪಿಸುಗುಟ್ಟಿದ— “ಅವಳಲ್ಲದಿದ್ರೆ ಅಣ್ಣ, ಸಾಯ್ಬ್ರೆ. ಮರ್ಯಾದಿ ಮರ್ಯಾದಿ ಅಂತಾನೆ. ಕೈ ನೋಡಿದ್ರಾ? ಒಂದು ನೂಕಿದ್ರೆ ಸಾಕು.”

ಶಾಂತಾರಾಮ ಗೋಡೆಯ ಮೇಲಿನ ಕಪ್ಪು ಕಲೆ ನೋಡಿದ. ಎರಡು ದಿನದಲ್ಲಿ ಯಾರನ್ನಾದರೂ ಹಿಡಿಯಲೇಬೇಕೆಂದು ಮೇಲಿನಿಂದ ಮಾತು ಬಂದಿತ್ತು. ತುಳಸಿದಾಸನನ್ನು ಎಳೆದು ತಂದರೆ ಊರು ಒಪ್ಪಿಬಿಡುತ್ತದೆ. ಆಮೇಲೆ ಆ ಗೋಡೆಯ ಮೇಲೆ ಬರೆದದ್ದನ್ನು ವೈಜಯಂತಿ ಎಷ್ಟು ತೊಳೆದರೂ ಹೋಗುವುದಿಲ್ಲ.

ಆ ಮಧ್ಯಾಹ್ನ ಕದ್ರಾಕ್ಕೆ ಹೋದರು. ಯೋಗೇಶ ಕೆಲಸದ ಮೇಲಿದ್ದ. ಬಾಗಿಲು ತೆರೆದವಳು ಚಂಪಾ, ಬೆಳಿಗ್ಗೆ ತಿಂಡಿ ಮಾಡಿಕೊಟ್ಟು, ಮಧ್ಯಾಹ್ನ ಪಾತ್ರೆ ತೊಳೆದು ಹೋಗುವ ಹೆಂಗಸು.

ಭರತನ ಕೋಣೆ ಅತಿಥಿಗೆಂದು ಸಜ್ಜು ಮಾಡಿಟ್ಟಂತೆ ಚೊಕ್ಕವಾಗಿತ್ತು. ಒಂದು ಮಂಚ, ಒಂದು ಕುರ್ಚಿ. ಗೋಡೆಯಲ್ಲಿ ಯಾರ ಫೋಟೋವೂ ಇರಲಿಲ್ಲ. ಶಾಂತಾರಾಮ ಬಾಗಿಲಲ್ಲೇ ಒಂದು ಕ್ಷಣ ನಿಂತ. ಅಂಕೋಲೆಯ ಪೊಲೀಸ್ ವಸತಿಯಲ್ಲಿ ತನ್ನ ಕೋಣೆಯೂ ಹೀಗೇ ಇತ್ತು. ಹೆಂಡತಿ ನಾಗಶ್ರೀ ಶಿರಸಿಯಲ್ಲಿ ಶಿಕ್ಷಕಿ. ಇತ್ತ ವರ್ಗ ಮಾಡಿಸಿಕೊಳ್ಳುವ ಮಾತು ಬಹುಕಾಲ ನಡೆದು, ಜಗಳವಿಲ್ಲದೆ, ಯಾರೂ ನಿಲ್ಲಿಸದೆ, ತಾನಾಗಿ ನಿಂತುಹೋಗಿತ್ತು.

“ಸಾಯ್ಬ್ರೆ, ಇಲ್ನೋಡಿ!” ಮಾಸ್ತಿ ಕಸದ ಬುಟ್ಟಿಯಿಂದ ಬಣ್ಣದ ಕಾಗದವನ್ನೂ ಒಂದು ಪೆಟ್ಟಿಗೆಯ ತೆಳು ಪ್ಲಾಸ್ಟಿಕ್ ಹೊದಿಕೆಯನ್ನೂ ಎತ್ತಿ ಹಿಡಿದ. “ಉಡುಗೊರೆ! ನಾ ಹೇಳಿದ್ನಲ್ಲ?”

ಕಪಾಟಿನಲ್ಲಿ ಸೆಂಟಿನ ಬಾಟಲಿ ಇತ್ತು. ದಪ್ಪ ಗಾಜು, ಬೂದು ಮುಚ್ಚಳ, ತುಂಬಿದ ಹಾಗೇ ಇತ್ತು. ಪೆಟ್ಟಿಗೆಯ ಮೇಲೆ ‘ಪುರುಷರಿಗೆ’ ಎಂಬರ್ಥದ ಇಂಗ್ಲಿಷ್ ಅಕ್ಷರ. ತಳದಲ್ಲಿ ಕಾರವಾರದ ಅಂಗಡಿಯೊಂದರ ಚೀಟಿ.

ಚಂಪಾ ಬಾಗಿಲ ಬಳಿ ನಿಂತಿದ್ದಳು. “ಸಾಯ್ಬ್ರೆ, ಒಂದು ಮಾತು. ಭಾನುವಾರ ಬೆಳಿಗ್ಗೆ ಭರತಣ್ಣ ಅಡುಗೆಮನೆ ದಾಟಿ ಹೋಗೂವಾಗ ನಿಂಬೆ ಸಿಪ್ಪೆ ಸುಲ್ದಂಗೆ ವಾಸ್ನೆ ಬಂತು.”

ಮಾಸ್ತಿ ನಕ್ಕ. “ಅಡುಗೆಮನೇಲಿ ನಿಂಬೆ ವಾಸ್ನೆ ಬರ್ದೆ ಮತ್ತೆಂತ ಬರ್ಬೇಕು?”

“ಅವತ್ತು ಮನೇಲಿ ನಿಂಬೆಹಣ್ಣೇ ಇರ್ಲಿಲ್ಲ,” ಎಂದಳು ಚಂಪಾ. ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಶಾಂತಾರಾಮನ ಗಮನವೆಲ್ಲ ಬಾಟಲಿಯ ಮೇಲಿತ್ತು. ಮುಚ್ಚಳ ತೆಗೆದು ಎಡ ಮಣಿಕಟ್ಟಿಗೆ ಒಮ್ಮೆ ಸಿಂಪಡಿಸಿಕೊಂಡು ಮೂಸಿದ.

ಕಿತ್ತಳೆ ಸಿಪ್ಪೆ. ಕುಟ್ಟಿದ ಕಾಳುಮೆಣಸು. ಮೂಗಿನ ತುದಿ ಚುರ್ ಎಂದಿತು. ಹೂವಿನ ಸುಳಿವೇ ಇಲ್ಲ.

“ಇದಲ್ಲ,” ಎಂದ.

“ಹಾಗಾದ್ರೆ ಸುಗಂಧರಾಜ ಬಂದದ್ದು ಎಲ್ಲಿಂದ? ಅವಳ ಮೈಯಿಂದ್ಲೇ!” ಎಂದ ಮಾಸ್ತಿ.

ಕಾರವಾರದ ಪೇಟೆಯ ಆ ಅಂಗಡಿ ಚಿಕ್ಕದು, ಆದರೆ ಬೆಳಕು ಬಹಳ. ಒಡತಿ ಪ್ರೀತಿ, ಮೂವತ್ತರ ಆಸುಪಾಸಿನವಳು. ಬಾಟಲಿ ನೋಡಿದ ಕೂಡಲೇ ಗುರುತು ಹಿಡಿದಳು.

“ಕದ್ರಾದವರು ಒಯ್ದದ್ದು. ಪೇಪರ್‌ನಲ್ಲಿ ಫೋಟೋ ನೋಡಿ ಇವರೇ ಅಂತ ಗೊತ್ತಾಯ್ತು ಸರ್.”

“ಜೊತೆಗೆ ಯಾರಾದರೂ ಬಂದಿದ್ದರಾ?”

“ಯಾವಾಗ್ಲೂ ಒಬ್ರೇ. ನಾಲ್ಕೈದು ಸಲ ಬಂದಿರ್ಬೇಕು. ಮೊದಲ ಸಲ ಬಾಗಿಲಲ್ಲೇ ನಿಂತು, ‘ಗಂಡಸರಿಗೆ ಹೂವಿನದು ಏನಾದರೂ ಇದೆಯಾ’ ಅಂತ ತೀರಾ ಸಣ್ಣ ದನಿಯಲ್ಲಿ ಕೇಳಿದ್ರು.”

“ಹೂವಿನದಾ?” ಶಾಂತಾರಾಮ ತಲೆಯೆತ್ತಿದ. “ಇದು ಕಿತ್ತಳೆ, ಮೆಣಸು. ಹೂವಲ್ಲವಲ್ಲ.”

ಪ್ರೀತಿ ಅವನ ಮಣಿಕಟ್ಟಿನ ಕಡೆ ನೋಡಿದಳು. “ಕೈಗೆ ಹಚ್ಚಿ ಎಷ್ಟು ಹೊತ್ತಾಯ್ತು?”

“ಕದ್ರಾದಲ್ಲಿ ಹಚ್ಚಿದ್ದು. ತಾಸಿಗೂ ಹೆಚ್ಚಾಯಿತು.”

“ಈಗ ಮೂಸಿ ನೋಡಿ, ಸರ್.”

ಶಾಂತಾರಾಮ ಕೈ ಎತ್ತಿ ಮೂಗಿಗೆ ಹಿಡಿದ. ಹಿಡಿದವನು ಹಾಗೇ ನಿಂತ.

ಸುಗಂಧರಾಜ. ಅದರ ಬೆನ್ನಿಗೆ ಮಲ್ಲಿಗೆ. ಹೆಣದ ಕೊರಳಪಟ್ಟಿಯಲ್ಲಿ ಇದ್ದದ್ದೇ.

“ಹೀಗೇ ಇದು,” ಎಂದಳು ಪ್ರೀತಿ. “ಹಚ್ಚಿದ ಅರ್ಧ ತಾಸು ಕಿತ್ತಳೆ, ಮೆಣಸು. ಅದು ಹಾರಿಹೋದ ಮೇಲೆ ಮೈಯ ಶಾಖಕ್ಕೆ ಹೂವು ಅರಳ್ತದೆ. ಕಡೆಗೆ ಶ್ರೀಗಂಧ, ಲಾವಂಚ. ಬಟ್ಟೆಗೆ ತಾಗಿದ್ರೆ ಹೂವು ಸಂಜೆವರೆಗೂ ಉಳೀತದೆ. ಅದಕ್ಕೇ ನಾನು ಯಾರಿಗೂ ಅಂಗಡಿಯಲ್ಲೇ ಮೂಸಿ ಒಯ್ಯಿ ಅನ್ನೂದಿಲ್ಲ. ಕೈಗೆ ಹಚ್ಚಿ, ತಿಕ್ಕಬೇಡಿ, ಸಮುದ್ರದ ಕಡೆ ಒಂದು ಸುತ್ತು ಹೋಗಿ ಬನ್ನಿ ಅಂತೇನೆ. ಅವರೂ ಹೋದ್ರು. ತಿರುಗಿ ಬಂದಾಗ ಮುಖವೇ ಬೇರೆ ಆಗಿತ್ತು.”

“ಆಗಲೇ ಕೊಂಡನಾ?”

“ಇಲ್ಲ. ‘ಜನ ನಗೂದಿಲ್ವಾ?’ ಅಂತ ಕೇಳಿದ್ರು. ದೇವರ ತಲೆಯ ಹೂವು ಪ್ರಸಾದ ಅಂತ ಕೊಟ್ರೆ ಗಂಡಸರು ಕಿವಿ ಮೇಲೆ ಇಟ್ಕೊಳ್ಳೂದಿಲ್ವಾ, ಆಗ ಯಾರು ನಗ್ತಾರೆ ಅಂದೆ. ಆದ್ರೂ ಧೈರ್ಯ ಬರ್ಲಿಲ್ಲ. ಬರೂದು, ಹಚ್ಚಿಸ್ಕೊಳ್ಳೂದು, ಹೋಗೂದು. ಕಡೆಗೆ ಈ ಶನಿವಾರ ಬಂದು ಹೊಸ ಪೆಟ್ಟಿಗೆ ಕೊಡಿ ಅಂದ್ರು. ಎರಡೇ ಸಲ ಸಿಂಪಡಿಸಿ, ಕಿವಿಯ ಹಿಂದೆ ಒಂದು, ಕೊರಳಿಗೆ ಒಂದು— ಅಂತ ಹೇಳಿಕೊಟ್ಟೆ.”

“ಉಡುಗೊರೆ ಕಾಗದ ಯಾರು ಸುತ್ತಿದ್ದು?”

“ನಾನೇ. ಯಾರಿಗೆ ಅಂತ ಕೇಳಿದೆ.” ಪ್ರೀತಿಯ ದನಿ ತಗ್ಗಿತು. “‘ನನಗೇ. ನಾಳೆ ನನ್ನ ಹುಟ್ಟಿದ ದಿನ. ನಾಳೆನೇ ಬಿಚ್ತೇನೆ’ ಅಂದ್ರು.”

ಅಂಗಡಿಯ ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಶಾಂತಾರಾಮ ಬಾಟಲಿಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಕೇಳಿದ, “ಹಚ್ಚಿದ ಕೂಡಲೇ ಹೂವಿನ ವಾಸನೆ ಬರುವುದೇ ಇಲ್ಲವಾ? ಒಂಚೂರೂ?”

“ಬಾಟ್ಲಿ ನಿಮ್ಮ ಕೈಯಲ್ಲೇ ಇದೆ. ನೀವೇ ಹಚ್ಚಿ ನೋಡಿದ್ರಲ್ಲ, ಸರ್?”

ಜೀಪಿನಲ್ಲಿ ಮಾಸ್ತಿ ಕೇಳಿದ, “ಹಾಗಾದ್ರೆ ಹೆಣ್ಣೇ ಇಲ್ಲ?”

“ಇಲ್ಲ. ನಾವು ಹುಡುಕಿದ್ದು ಅವನದೇ ಪರಿಮಳವನ್ನು.” ಶಾಂತಾರಾಮ ದಾರಿ ನೋಡುತ್ತಲೇ ಹೇಳಿದ, “ನಾಳೆ ಬೆಳಿಗ್ಗೆ ಟೋಲ್ ನಾಕೆಗೆ ಹೋಗು. ಭಾನುವಾರದ ಕ್ಯಾಮೆರಾ ಇನ್ನೊಮ್ಮೆ ನೋಡು.”

“ನೋಡಿ ಆಯ್ತಲ್ಲ, ಸಾಯ್ಬ್ರೆ. ಅವನ ಬೈಕಿನ ಹಿಂದೆ ಯಾರೂ ಕೂತಿರ್ಲಿಲ್ಲ.”

“ಬೈಕಿನ ಮೇಲೆ ಅಲ್ಲ, ಬೈಕಿನ ಹಿಂದೆ ನೋಡು.”

ಆ ಸಂಜೆ ಮನೆಗೆ ಬಂದು ಕೈ ತೊಳೆಯಲು ನಲ್ಲಿ ತಿರುಗಿಸಿದವನು ಮತ್ತೆ ಮುಚ್ಚಿದ. ಮಣಿಕಟ್ಟಿನಲ್ಲಿ ಹೂವು ಹೋಗಿ ಶ್ರೀಗಂಧ ಉಳಿದಿತ್ತು. ಯಾರ ಹತ್ತಿರವಾದರೂ ಕೈ ಚಾಚಿ ‘ಇದು ಹೇಗಿದೆ ನೋಡು’ ಎನ್ನಬೇಕೆನಿಸಿತು. ಪರಿಮಳಕ್ಕೆ ಎರಡನೆಯ ಮೂಗು ಬೇಕು. ಹಚ್ಚಿಕೊಂಡವನಿಗೆ ಬೇಗ ಗೊತ್ತಾಗದೆ ಹೋಗುತ್ತದೆ. ನಾಗಶ್ರೀಗೆ ಫೋನ್ ಮಾಡಿದ.

“ಎಂತ, ಈಗ ಮಾಡಿದ್ರಿ? ಆರಾಮಿದ್ದೀರಾ?” ಅವಳ ದನಿಯಲ್ಲಿ ಗಾಬರಿಯಿತ್ತು.

“ಆರಾಮು. ಗ್ಯಾಸ್ ಬಂತಾ ಅಂತ ಕೇಳುವಾ ಅನ್ನಿಸಿತು.”

“ಮೊನ್ನೆನೇ ಬಂತು.”

“ಸರಿ ಹಾಗಾದ್ರೆ.”

ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇದ್ದರು. ಆಮೇಲೆ ಅವಳು ಇಟ್ಟಳು.

ಮರುದಿನ ಶಾಂತಾರಾಮ ಒಬ್ಬನೇ ಕದ್ರಾಕ್ಕೆ ಹೋದ. ಯೋಗೇಶನಿಗೆ ಅಂದು ರಜೆ, ಜಗಲಿಯಲ್ಲಿ ಕೂತಿದ್ದ. ಚಂಪಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಾಸ್ತಿಯ ಜೀಪೂ ಬಂದು ಗೇಟಿನ ಹೊರಗೆ ನಿಂತಿತು. ಮಾಸ್ತಿ ದೂರದಿಂದಲೇ ತಲೆಯಾಡಿಸಿದ.

“ಒಂದೇ ಪ್ರಶ್ನೆ, ಯೋಗೇಶ. ಭರತನಿಂದ ಸುಗಂಧರಾಜದ ವಾಸನೆ ಬಂದದ್ದು ಯಾವಾಗ?”

“ಹೇಳಿದ್ನಲ್ಲ ಸರ್. ಬೈಕ್ ಹತ್ತೂವಾಗ. ಇಲ್ಲೇ, ಈ ಮೆಟ್ಟಿಲ ಹತ್ರ.”

“ಆಗಷ್ಟೇ ಮಿಂದು ಬಂದಿದ್ದ?”

“ಹೌದು. ತಲೆ ಒದ್ದೆ ಇತ್ತು.”

“ಆಮೇಲೆ ಅವನನ್ನು ನೋಡಲೇ ಇಲ್ಲ?”

“ಇಲ್ಲ.”

“ಸುಗಂಧರಾಜವೇ? ಬೇರೆ ಅಲ್ಲ?”

“ನಂಗೆ ಮರೀತದಾ ಸರ್ ಆ ವಾಸ್ನೆ?”

ಶಾಂತಾರಾಮ ಜೇಬಿನಿಂದ ಭರತನ ಬಾಟಲಿ ತೆಗೆದು ಬಲ ಮಣಿಕಟ್ಟಿಗೆ ಒಮ್ಮೆ ಸಿಂಪಡಿಸಿ, ಕೈಯನ್ನು ಯೋಗೇಶನ ಮುಖದ ಹತ್ತಿರ ಹಿಡಿದ. “ಇದು ಯಾವ ವಾಸನೆ?”

ಯೋಗೇಶ ಅನುಮಾನದಿಂದ ಮೂಸಿದ. “ಕಿತ್ತಳೆ... ಮೆಣಸು. ಎಂತ ಇದು?”

ಒಳಗಿನಿಂದ ಚಂಪಾ ಇಣುಕಿದಳು. “ಅದೇ! ಅವತ್ತು ಭರತಣ್ಣ ಹೋಗೂವಾಗ ಬಂದದ್ದು ಇದೇ ನಿಂಬೆ ಸಿಪ್ಪೆ ವಾಸ್ನೆ!”

“ಈಗ ಇದು?” ಶಾಂತಾರಾಮ ಎಡಗೈ ಚಾಚಿದ.

ಯೋಗೇಶ ಬಗ್ಗಿದ. ಬಗ್ಗಿದವನು ಹಾವು ತುಳಿದವನಂತೆ ಹಿಂದೆ ಸರಿದ. ಮುಖದ ಬಣ್ಣ ಇಳಿದುಹೋಯಿತು.

“ಇದು ಅದೇ ಬಾಟಲಿಯದು,” ಎಂದ ಶಾಂತಾರಾಮ. “ಅಂಕೋಲೆ ಬಿಡುವಾಗ ಹಚ್ಚಿಕೊಂಡದ್ದು. ಗಂಡಸರಿಗೆಂದೇ ಮಾಡಿದ ಹೂವಿನ ಪರಿಮಳ. ಹೂವು ಅರಳುವುದಕ್ಕೆ ಹೊತ್ತು ಹಿಡಿಯುತ್ತದೆ. ಭರತ ಶನಿವಾರ ತಂದ ಪೆಟ್ಟಿಗೆಯನ್ನು ಭಾನುವಾರ ಬೆಳಿಗ್ಗೆ ಮಿಂದ ಮೇಲೆ ಮೊದಲ ಸಲ ಬಿಚ್ಚಿದ. ಅವನು ಈ ಮೆಟ್ಟಿಲಿಳಿಯುವಾಗ ಅವನ ಮೈಯಲ್ಲಿ ಹೂವು ಇರಲೇ ಇಲ್ಲ. ಚಂಪಾ ಅದನ್ನು ನಮಗೆ ಹೇಳಿದಳು. ಅಡುಗೆಮನೆಯ ವಾಸನೆ ಎಂದು ನಾವು ನಕ್ಕುಬಿಟ್ಟೆವು. ಒಂದೇ ಗಳಿಗೆ, ಒಬ್ಬನೇ ಮನುಷ್ಯ. ಒಬ್ಬಳಿಗೆ ನಿಂಬೆ ಸಿಪ್ಪೆ, ಇನ್ನೊಬ್ಬನಿಗೆ ಸುಗಂಧರಾಜ. ಇಬ್ಬರಲ್ಲಿ ಒಬ್ಬರು ಅವನನ್ನು ಬೇರೆ ಹೊತ್ತಿನಲ್ಲಿ ಮೂಸಿರಬೇಕು.”

“ವಾಸ್ನೆ ಮೇಲೆ ಕೊಲೆ ಹೊರಿಸ್ತೀರಾ, ಸರ್?”

“ಇಲ್ಲ. ವಾಸನೆ ನನಗೆ ದಾರಿ ತೋರಿಸಿತು, ಅಷ್ಟೆ. ಮಾಸ್ತಿ ಟೋಲ್ ನಾಕೆಯಿಂದ ಬಂದಿದ್ದಾನೆ. ಮೊದಲು ನಾವು ಭರತನ ಬೈಕಿನಲ್ಲಿ ಹೆಂಗಸು ಇದ್ದಾಳಾ ಎಂದಷ್ಟೇ ನೋಡಿದ್ದೆವು. ಅವನ ಹಿಂದೆ, ಸ್ವಲ್ಪ ಅಂತರದಲ್ಲಿ, ಇನ್ನೊಂದು ಬೈಕು ಹೋಗಿದೆ. ನಿಮ್ಮದು. ಫೋನನ್ನು ದಿಂಬಿನ ಕೆಳಗೆ ಬಿಟ್ಟು ಹೋದಿರಿ.” ಶಾಂತಾರಾಮ ಮೆಟ್ಟಿಲ ಮೇಲೆ ಕುಳಿತ. “ನೀವು ಸುಳ್ಳು ಹೇಳಲು ಹೊರಟು ನಿಜವನ್ನೇ ಹೇಳಿದಿರಿ, ಯೋಗೇಶ. ವಾಸನೆ ನಿಜ. ಜಾಗ ಮಾತ್ರ ಬದಲು ಮಾಡಿದಿರಿ. ನೀವು ಅದನ್ನು ಮೂಸಿದ್ದು ಕೇಣಿಯ ಬಂಡೆಯ ಮೇಲೆ, ಅವನ ಕೊರಳಪಟ್ಟಿ ಹಿಡಿದಾಗ. ಕೊಂದವರು ನೀವು.”

ಗೇಟಿನ ಸದ್ದಾಯಿತು. ಮಾಸ್ತಿ ಒಳಗೆ ಬಂದು ನಿಂತ. ಯೋಗೇಶ ಓಡಲಿಲ್ಲ. ಕಂಬಕ್ಕೆ ಒರಗಿದ.

“ಶನಿವಾರ ಸಂಜೆ ಬಣ್ಣದ ಕಾಗದದ ಪೊಟ್ಟಣ ತಂದು ನನ್ನಿಂದ ಬಚ್ಚಿಟ್ಟ,” ಎಂದ. “ನಂಗೆ ಕಂಡ್ತು. ಕಂಡ್ರೂ ಕೇಳ್ಲಿಲ್ಲ. ರಾತ್ರಿಯೆಲ್ಲ ಪಾಳಿಯಲ್ಲಿ ಅದೇ ಯೋಚ್ನೆ. ಅಂವ ಯಾರನ್ನೋ ಕಟ್ಕಂಡು ಹೋದ್ರೆ ಈ ಮನೇಲಿ ನಾ ಯಾರ ಹತ್ರ ಮಾತಾಡ್ಲಿ? ನಮ್ದು ಮಾತೇನೂ ಹೆಚ್ಚಿರ್ಲಿಲ್ಲ, ಸರ್. ಆದ್ರೆ ಬಾಗ್ಲು ತೆಗ್ದಾಗ ಒಳಗೆ ಒಬ್ಬ ಇರ್ತಿದ್ದ.”

“ಅದಕ್ಕೇ ಹಿಂದೆ ಹೋದಿರಿ.”

“ಯಾರು ಅವಳು ಅಂತ ನೋಡೂಕೆ. ಅಷ್ಟೇ. ದೇವರಾಣೆ. ಅಂವ ಬಂಡೆ ಮೇಲೆ ಒಬ್ನೇ ಕೂತಿದ್ದ. ನನ್ನ ನೋಡಿ ನಕ್ಕ. ಯಾರಿಗೆ ಕಾಯ್ತಿದ್ದೆ ಅಂದೆ. ಯಾರಿಗೂ ಇಲ್ಲ ಅಂದ. ಸುಳ್ಳು ಅಂತ ಕೊರಳಪಟ್ಟಿ ಹಿಡ್ದೆ. ಹಿಡ್ದು ಎಳೀತಿದ್ದಂಗೆ ಆ ವಾಸ್ನೆ ಬಡೀತು. ಅವಳು ಈಗಷ್ಟೇ ಎದ್ದು ಹೋಗಿದ್ದಾಳೆ ಅನ್ನಿಸ್ತು. ನೂಕ್ದೆ.”

“ಯಾರೂ ಇರಲಿಲ್ಲ, ಯೋಗೇಶ. ಆ ಸೆಂಟು ಅವನೇ ತನಗಾಗಿ ಕೊಂಡದ್ದು. ಅಂದು ಅವನ ಹುಟ್ಟಿದ ದಿನ.”

ಯೋಗೇಶ ಕೇಳಿಸದವನಂತೆ ನೋಡಿದ. ಮಾಸ್ತಿ ಬೇಡಿ ತೆಗೆದಾಗ ತಾನೇ ಕೈ ಮುಂದೆ ಮಾಡಿದ. ಜೀಪಿನವರೆಗೂ ಸುಮ್ಮನೆ ಹೋದವನು ಅಲ್ಲಿ ನಿಂತುಬಿಟ್ಟ.

“ಹಾಗಾದ್ರೆ ಖರೆನೇ ಹೇಳಿದ್ದ,” ಎಂದ. “‘ಬಂದದ್ದು ಚಲೋ ಆತು ಮಾರಾಯಾ, ನಡೀ, ಇವತ್ತು ಇಬ್ರೂ ಒಟ್ಟಿಗೆ ಊಟಕ್ಕೆ ಹೋಗುವಾ’ ಅಂದ. ಅವಳನ್ನ ಮುಚ್ಚೂಕೆ ಹೇಳ್ತಾನೆ ಅಂದ್ಕಂಡೆ.”

ಮಾಸ್ತಿ ಅವನ ಭುಜ ಹಿಡಿದು ಹತ್ತಿಸಿದ.

ಮರುದಿನ ಮಧ್ಯಾಹ್ನ ಪೇಟೆ ತುಂಬಿದ ಹೊತ್ತಿನಲ್ಲಿ ಶಾಂತಾರಾಮ ಸಮವಸ್ತ್ರದಲ್ಲೇ, ಜೀಪನ್ನು ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿ, ವೈಜಯಂತಿಯ ಖಾನಾವಳಿಯೊಳಗೆ ಹೋದ. ಬಾಗಿಲಿಗೆ ನೇರ ಇರುವ ಮೇಜಿನಲ್ಲಿ ಕುಳಿತು ಊಟ ಹೇಳಿದ. ತುಳಸಿದಾಸ ತಾನೇ ನೀರು ತಂದಿಟ್ಟ. ಹೊರಗೆ ಜನ ನಿಂತು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಒಳಗೆ ಬಂದ. ಅವನ ಹಿಂದೆ ಇನ್ನಿಬ್ಬರು.

ವೈಜಯಂತಿ ಅನ್ನದ ಮೇಲೆ ಹುಮಣ ಬಡಿಸಿ, ಸೌಟು ಹಿಡಿದು ಅಲ್ಲೇ ನಿಂತಳು.

“ಸಾಯ್ಬ್ರೆ, ಕೇಳ್ಬಹುದಾ? ಪಾಪ, ಅವ್ರಿಗೆ ತಮ್ಮವರು ಅಂತ ಯಾರೂ ಇರ್ಲಿಲ್ವಾ?”

ಶಾಂತಾರಾಮ ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದ.

“ಇದ್ದ,” ಎಂದ. “ಒಬ್ಬ ಇದ್ದ.”